ಒಪ್ಪಂದಕ್ಕಿಂತ ಮೆಷಿನ್ ಪಕ್ಕ ನಿಲ್ಲೋದು ಮುಖ್ಯ

ಕಂಪನಿಗಳು ದುಡ್ಡು ಹಾಕಿದರೆ ಕಾಲೇಜುಗಳ ಸಂಶೋಧನೆ ತಾನಾಗೇ ಉಪಯೋಗಕ್ಕೆ ಬರುತ್ತದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪಲ್ಲ ಸರ್. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ 18 ವರ್ಷದಿಂದ ಸಣ್ಣ ಮೆಷಿನ್ ಶಾಪ್ ನಡೆಸುತ್ತಿದ್ದೇನೆ. ಒಂದು ಕಾಲೇಜಿನವರು ಬಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ಹೋದರು, ಆಮೇಲೆ ಪತ್ತೆಯೇ ಇಲ್ಲ.

ಆದರೆ ಪಿಎಚ್‌ಡಿ ಮಾಡುತ್ತಿದ್ದ ಒಬ್ಬ ಹುಡುಗಿ ಮೂರು ತಿಂಗಳು ದಿನಾ ಬಂದು ಸಿಎನ್‌ಸಿ ಲೇತ್ (ಕಂಪ್ಯೂಟರ್ ನಡೆಸೋ ಲೋಹ ಕಡೆಯುವ ಮೆಷಿನ್) ಪಕ್ಕ ನಿಂತಳು. ಅವಳ ಲೆಕ್ಕದಲ್ಲಿ ಇನ್ಸರ್ಟ್‌ನ, ಅಂದರೆ ಲೋಹ ಕತ್ತರಿಸುವ ಸಣ್ಣ ಬಿಲ್ಲೆಯ, ಒಂದು ಮೂಲೆ 60 ಶಾಫ್ಟ್ ಕಡೆಯುವಷ್ಟು ಬಾಳಬೇಕು, ನಮ್ಮ ಹುಡುಗರು 40ಕ್ಕೇ ಹೊಸ ಮೂಲೆಗೆ ತಿರುಗಿಸಿ ಹಾಕುತ್ತಿದ್ದರು. ಯಾಕೆ ಅಂದಿದ್ದಕ್ಕೆ ಆಪರೇಟರ್, "ಸೌಂಡೇ ಬದಲಾಗುತ್ತೆ ಮೇಡಂ" ಅಂದ. ನೋಡಿದರೆ ರಾತ್ರಿ ಪಾಳಿಯವರು ಕೂಲೆಂಟ್ (ಕತ್ತರಿಸುವಾಗ ಬಿಸಿ ತಗ್ಗಿಸೋ, ನೀರಲ್ಲಿ ಬೆರೆಸಿದ ದ್ರವ) ಕಮ್ಮಿಯಾದಾಗೆಲ್ಲ ಸುಮ್ನೆ ನೀರು ಸುರಿಯುತ್ತಿದ್ದರು, ಅದು ತೆಳುವಾಗಿ ಮೂಲೆ ಬೇಗ ಸವೆಯುತ್ತಿತ್ತು! ಲ್ಯಾಬಿನಲ್ಲಿ ಎಲ್ಲಾ ಅಳೆದು ಬೆರೆಸಿರುತ್ತಾರೆ, ಇದು ಅಲ್ಲಿ ಗೊತ್ತಾಗೋದು ಹೇಗೆ? (ನನಗೂ ಗೊತ್ತಿರಲಿಲ್ಲ, ಅದು ಬೇರೆ ಮಾತು.)

ಹಳೇ ಉದಾಹರಣೆ ಬೇಕಾದರೆ ಗಂಧದೆಣ್ಣೆ ಇದೆಯಲ್ಲ. ಮೊದಲ ಮಹಾಯುದ್ಧದಲ್ಲಿ ಮೈಸೂರಿನ ಗಂಧದ ಕಟ್ಟಿಗೆ ಯುರೋಪಿಗೆ ಹೋಗದೆ ಉಳಿದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ರಸಾಯನಶಾಸ್ತ್ರದ ಮೇಷ್ಟ್ರುಗಳೇ ಎಣ್ಣೆ ಬಟ್ಟಿ ಇಳಿಸೋ ಕೆಲಸಕ್ಕೆ ಕೈಹಾಕಿದರು, 1916ರಲ್ಲಿ ಬೆಂಗಳೂರಲ್ಲಿ ಕಾರ್ಖಾನೆಯೇ ಶುರುವಾಯಿತು. ಮಾರಾಟವಾಗದೆ ಬಿದ್ದಿದ್ದ ಸರಕು ಅವರ ಕಣ್ಣೆದುರೇ ಇತ್ತು, ಅಲ್ವಾ?

ದುಡ್ಡು ಬೇಡ ಅಂತಲ್ಲ. ಆದರೆ ಪ್ರಮೋಷನ್ ಕೊಡುವಾಗ ಬರೆದ ಸಂಶೋಧನಾ ಪೇಪರ್ ಎಷ್ಟು ಅಂತ ಮಾತ್ರ ಎಣಿಸಿದರೆ, ಯಾವ ಮೇಷ್ಟ್ರು ತಾನೇ ಮೂರು ತಿಂಗಳು ಪೀಣ್ಯದ ಧೂಳು ಕುಡಿಯೋಕೆ ಬರುತ್ತಾರೆ?