‘ಬಂದಿಲ್ಲ’ ಮತ್ತು ‘ಬರಲಿಲ್ಲ’

ಭಾನುವಾರ ಬೆಳಿಗ್ಗೆ ಅಣ್ಣನ ಮಗಳು ತನ್ನ ಇಂಗ್ಲಿಷ್ ನೋಟ್‌ಬುಕ್ ತಂದು ನನ್ನ ಮುಂದಿಟ್ಟಳು. ‘ಐ ಹ್ಯಾವ್ ಫಿನಿಶ್ಡ್ ಮೈ ಹೋಮ್‌ವರ್ಕ್ ಟೆನ್ ಮಿನಿಟ್ಸ್ ಅಗೋ’ ಅಂತ ಬರೆದಿದ್ದಾಳೆ. ಅದರ ಮೇಲೆ ಉದ್ದಕ್ಕೆ ಕೆಂಪು ಗೀಟು. ಯಾಕೆ ತಪ್ಪು ಅಂತ ಪಕ್ಕದಲ್ಲಿ ಒಂದು ಮಾತೂ ಇಲ್ಲ.

“ಅತ್ತೆ, ಪ್ರೆಸೆಂಟ್ ಪರ್ಫೆಕ್ಟ್ ಅಂದ್ರೆ ಇದೀಗ ಮುಗಿದ ಕೆಲಸ ಅಂತ ತಾನೇ ಬರೆಸಿದ್ದು? ಹತ್ತು ನಿಮಿಷ ಅಂದ್ರೆ ಇದೀಗ ಅಲ್ವಾ?”

ಅವಳು ಕೇಳಿದ್ದು ನೂರಕ್ಕೆ ನೂರು ಸರಿ. ತಪ್ಪಿರುವುದು ಅವಳಿಗೆ ಬರೆಸಿದ ಆ ಒಂದು ಸಾಲಿನಲ್ಲಿ. ನಾನೂ ಅದನ್ನೇ ಬಾಯಿಪಾಠ ಮಾಡಿ ಬೆಳೆದವಳು. ಹನ್ನೆರಡು ಟೆನ್ಸ್‌ಗಳ ಕೋಷ್ಟಕ, ಒಂದೊಂದು ಮನೆಗೆ ಒಂದೊಂದು ಸೂತ್ರ. ಪೂರ್ಣ ವರ್ತಮಾನ ಕಾಲ: ಹ್ಯಾವ್ ಅಥವಾ ಹ್ಯಾಸ್, ಮುಂದೆ ಕ್ರಿಯಾಪದದ ಮೂರನೇ ರೂಪ, ‘ಇದೀಗ ಮುಗಿದ ಕ್ರಿಯೆ’. ಪರೀಕ್ಷೆಗೆ ಅಷ್ಟು ಸಾಕಾಯಿತು. ಮಾತಾಡಲು ಸಾಕಾಗಲಿಲ್ಲ.

ಯಾಕೆ ಸಾಲದು ಅಂತ ನೋಡಿ. 1969ರಿಂದ 1972ರ ನಡುವೆ 12 ಜನ ಚಂದ್ರನ ಮೇಲೆ ನಡೆದಾಡಿದರು. ಅರ್ಧ ಶತಮಾನ ಕಳೆದುಹೋಗಿದೆ. ಆದರೂ ಇಂಗ್ಲಿಷಿನಲ್ಲಿ ‘ಟ್ವೆಲ್ವ್ ಪೀಪಲ್ ಹ್ಯಾವ್ ವಾಕ್ಡ್ ಆನ್ ದ ಮೂನ್’ ಅನ್ನಬಹುದು. ಹತ್ತು ನಿಮಿಷದ ಹಿಂದೆ ಮುಗಿದ ಹೋಮ್‌ವರ್ಕ್‌ಗೆ ಇಲ್ಲದ ಹ್ಯಾವ್, ಐವತ್ತು ವರ್ಷದ ಹಿಂದಿನ ನಡಿಗೆಗೆ ಇದೆ! ಅಂದಮೇಲೆ ಕೆಲಸ ಎಷ್ಟು ಹಿಂದೆ ಮುಗಿಯಿತು ಅನ್ನುವುದು ಇಲ್ಲಿ ಲೆಕ್ಕಕ್ಕೇ ಇಲ್ಲ. ಆ 12 ಅನ್ನುವ ಲೆಕ್ಕ ಇವತ್ತಿಗೂ ತೆರೆದೇ ಇದೆ, ನಾಳೆ ಇನ್ನೊಬ್ಬರು ಇಳಿದರೆ 13 ಆಗುತ್ತದೆ. ಅದಕ್ಕೇ ಹ್ಯಾವ್. ಅದೇ ‘ಇನ್ 1969’ ಅಂತ ಸೇರಿಸಿದಿರೋ, ಆ ಹೊತ್ತಿಗೆ ಬೀಗ ಬಿತ್ತು. ‘ಆರ್ಮ್‌ಸ್ಟ್ರಾಂಗ್ ವಾಕ್ಡ್ ಆನ್ ದ ಮೂನ್ ಇನ್ 1969’ ಅಂತಲೇ ಹೇಳಬೇಕು. ‘ಟೆನ್ ಮಿನಿಟ್ಸ್ ಅಗೋ’ ಕೂಡ ಅಂಥದ್ದೇ ಒಂದು ಬೀಗ.

ಹ್ಯಾವ್‌ಗೆ ಬೇಕಿರುವುದು ಈ ಕ್ಷಣದ ಜೊತೆ ನಂಟು. ‘ಐ ಹ್ಯಾವ್ ಲಾಸ್ಟ್ ಮೈ ಕೀ’ ಅಂದರೆ ಕೀ ಇನ್ನೂ ಸಿಕ್ಕಿಲ್ಲ, ನಾನು ಬಾಗಿಲ ಹೊರಗೇ ನಿಂತಿದ್ದೇನೆ. ‘ಐ ಲಾಸ್ಟ್ ಮೈ ಕೀ’ ಅಂದರೆ ಆಮೇಲೆ ಸಿಕ್ಕಿರಲೂಬಹುದು.

ಇಲ್ಲಿಯವರೆಗಿನದು ಒಳ್ಳೆಯ ವ್ಯಾಕರಣ ಪುಸ್ತಕಗಳಲ್ಲೂ ಇರುತ್ತದೆ. ನನ್ನ ತಕರಾರು ಬೇರೆ. ಈ ವ್ಯತ್ಯಾಸ ಕನ್ನಡದ ಮಗುವಿಗೆ ಮೊದಲೇ ಗೊತ್ತಿದೆ. ಅದನ್ನು ಬಳಸಿಕೊಳ್ಳುವುದು ಬಿಟ್ಟು ಸೂತ್ರ ಯಾಕೆ ಉರು ಹೊಡೆಸುತ್ತೇವೆ?

‘ಪೇಪರ್ ಬಂದಿಲ್ಲ.’ ‘ಪೇಪರ್ ಬರಲಿಲ್ಲ.’ ಇವೆರಡನ್ನೂ ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಬಂದಿಲ್ಲ ಅನ್ನುವವರ ಕಣ್ಣು ಇನ್ನೂ ಬಾಗಿಲ ಕಡೆಗಿದೆ. ಬರಲಿಲ್ಲ ಅನ್ನುವವರು ಆಸೆ ಬಿಟ್ಟಾಗಿದೆ, ಆ ದಿನದ ಕಥೆ ಮುಗಿದಿದೆ. ಮೊದಲನೆಯದು ‘ಹ್ಯಾಸ್ ನಾಟ್ ಕಮ್’. ಎರಡನೆಯದು ‘ಡಿಡ್ ನಾಟ್ ಕಮ್’. ಓದಿಲ್ಲ, ಓದಲಿಲ್ಲ. ಹೇಳಿಲ್ಲ, ಹೇಳಲಿಲ್ಲ. ನಾಲ್ಕು ವರ್ಷದ ಮಗು ಕೂಡ ಇವನ್ನು ಅದಲುಬದಲು ಮಾಡುವುದಿಲ್ಲ. ಅನುಮಾನ ಬಂದಾಗ ವಾಕ್ಯವನ್ನು ಕನ್ನಡದಲ್ಲಿ ‘ಇಲ್ಲ’ ಮಾಡಿ ನೋಡು ಅಂತ ನಾನು ಅವಳಿಗೆ ಹೇಳಿಕೊಟ್ಟೆ. ನಾನು ಬಲ್ಲಂತೆ ಇದರಷ್ಟು ಸಲೀಸಾದ ದಾರಿ ಇನ್ನೊಂದಿಲ್ಲ.

ರಚನೆ ನೋಡಿದರೂ ಖುಷಿಯಾಗುತ್ತದೆ. ‘ಬಂದಿದ್ದೇನೆ’ ಅನ್ನುವುದು ‘ಬಂದು ಇದ್ದೇನೆ’. ಬಂದೆ, ಬಂದು ಈಗ ಇಲ್ಲಿ ಇದ್ದೇನೆ. ಇಂಗ್ಲಿಷಿನ ಹ್ಯಾವ್ ಕೂಡ ಮೊದಲು ಸುಮ್ನೆ ‘ನನ್ನ ಹತ್ತಿರ ಇದೆ’ ಅನ್ನುವ ಅರ್ಥದ್ದೇ. ಹಿಡಿದ ಮೀನು ನನ್ನ ಬಳಿ ಇದೆ ಅನ್ನುವಂಥ ಹಳೆಯ ವಾಕ್ಯಗಳೇ ನಿಧಾನವಾಗಿ ‘ಮೀನು ಹಿಡಿದಿದ್ದೇನೆ’ ಆದವು. ಹೋಗು, ಬಾ, ಏಳು ಇಂಥ ಕ್ರಿಯೆಗಳಿಗೆ ಇಂಗ್ಲಿಷಿನವರೂ ಹಿಂದೆ ನಮ್ಮ ಹಾಗೆ ‘ಇರು’ವನ್ನೇ ಬಳಸುತ್ತಿದ್ದರು. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ‘ಹೀ ಈಸ್ ರಿಸನ್’ ಅಂತಿದೆ. ಎದ್ದಿದ್ದಾನೆ!

ಹಾಗಂತ ಕನ್ನಡ ಎಲ್ಲ ಕಡೆಯೂ ದಾರಿ ತೋರಿಸುವುದಿಲ್ಲ. ಕೆಲವು ಕಡೆ ಕೈಹಿಡಿದು ಹಳ್ಳಕ್ಕೂ ಇಳಿಸುತ್ತದೆ. ‘ಅವನು ನಿನ್ನೆಯೇ ಬಂದಿದ್ದಾನೆ’ ಅಂತ ನಾವು ಧಾರಾಳವಾಗಿ ಹೇಳುತ್ತೇವೆ, ಇಂಗ್ಲಿಷ್ ಆ ‘ನಿನ್ನೆ’ಯನ್ನು ಒಪ್ಪುವುದಿಲ್ಲ. ‘ನಿನ್ನೆ ಅವರ ಮನೆಗೆ ಹೋಗಿದ್ದೆ’ ಅನ್ನುವುದನ್ನು ಹಾಗೇ ಎತ್ತಿ ‘ಐ ಹ್ಯಾಡ್ ಗಾನ್’ ಅಂತ ಇಡುತ್ತೇವೆ. ಅಲ್ಲಿ ಬೇಕಿದ್ದದ್ದು ಬರೀ ‘ಐ ವೆಂಟ್’. ಹ್ಯಾಡ್ ಕೇಳಿದ ಇಂಗ್ಲಿಷಿನವರು, ಹೋಗಿದ್ದಾಗ ಇನ್ನೇನೋ ನಡೆದಿರಬೇಕು ಅಂತ ಮುಂದಿನ ಮಾತಿಗೆ ಕಾಯುತ್ತಾರೆ.

ನನಗೆ ಜಾಸ್ತಿ ಪೆಟ್ಟು ಕೊಟ್ಟದ್ದು ಬೇರೆ ಹಳ್ಳ. ವರ್ಷಗಳ ಹಿಂದೆ ಒಂದು ಇಂಟರ್‌ವ್ಯೂ. ನಾನಾಗ ಕೆಲಸದಲ್ಲಿ ಇದ್ದವಳೇ. ಮನಸ್ಸಿನಲ್ಲಿದ್ದದ್ದು ‘ನಾಲ್ಕು ವರ್ಷದಿಂದ ಅಲ್ಲಿ ಕೆಲಸ ಮಾಡುತ್ತಿದ್ದೇನೆ’. ಬಾಯಿಂದ ಬಂದದ್ದು ‘ಐ ವರ್ಕ್ಡ್ ದೇರ್ ಫಾರ್ ಫೋರ್ ಇಯರ್ಸ್’. ಎದುರಿಗಿದ್ದವರು ತಲೆ ಎತ್ತಿ, ಯಾಕೆ ಬಿಟ್ಟಿರಿ ಅಂತ ಕೇಳಿದರು. ಬಿಟ್ಟಿಲ್ಲ ಅಂದೆ. ಫೈಲ್ ನೋಡಿದರು, ನನ್ನನ್ನು ನೋಡಿದರು. ಏನೋ ಮುಚ್ಚಿಡುತ್ತಿದ್ದೇನೆ ಅನ್ನಿಸಿರಬೇಕು. ಆಮೇಲಿನ ಪ್ರಶ್ನೆಗಳೆಲ್ಲ ಅದರ ಸುತ್ತಲೇ ಸುತ್ತಿದವು. ‘ಹ್ಯಾವ್ ಬೀನ್ ವರ್ಕಿಂಗ್’ ಅಂದಿದ್ದರೆ ಮುಗಿಯುತ್ತಿತ್ತು. ‘ವರ್ಷದಿಂದ’ ಅನ್ನುವಾಗ ನಮಗೆ ವರ್ತಮಾನ ಸಾಕು, ಇಂಗ್ಲಿಷ್ ಹಿಂದಿನಿಂದ ಇಲ್ಲಿಯವರೆಗೆ ಪೂರ್ತಿ ಗೆರೆ ಎಳೆ ಅನ್ನುತ್ತದೆ. ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಕೋಷ್ಟಕ ಮಾತ್ರ ತಡವರಿಸದೆ ಒಪ್ಪಿಸುತ್ತಿದ್ದೆ. ಅವತ್ತಿನ ಆ ಸಂಕಟ ಇನ್ನೂ ಹೋಗಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಇನ್ನು ‘ಡಿಡ್ ಯು ಈಟ್ ಯೆಟ್’ ಅಂತ ಅಮೆರಿಕದವರು ಕೇಳುತ್ತಾರೆ, ‘ಹ್ಯಾವ್ ಯು ಈಟನ್ ಯೆಟ್’ ಅಂತ ಬ್ರಿಟನ್ನಿನವರು. ಎರಡೂ ನಡೆಯುತ್ತದೆ. ಅದಕ್ಕಾಗಿ ಮಕ್ಕಳ ಅಂಕ ಕತ್ತರಿಸಬೇಡಿ.

ಅಣ್ಣನ ಮಗಳು ಕೆಂಪು ಗೀಟಿನ ಕೆಳಗೆ ಎರಡು ಸಾಲು ಬರೆದಳು. ‘ಐ ಫಿನಿಶ್ಡ್ ಇಟ್ ಟೆನ್ ಮಿನಿಟ್ಸ್ ಅಗೋ.’ ‘ಐ ಹ್ಯಾವ್ ಫಿನಿಶ್ಡ್ ಇಟ್.’ ಆಮೇಲೆ ಪೆನ್ನು ಕಚ್ಚುತ್ತಾ ಯೋಚಿಸಿದಳು.

“ಅತ್ತೆ, ‘ದಿಸ್ ಮಾರ್ನಿಂಗ್’ ಅಂತ ಹಾಕಿದ್ರೆ? ಹ್ಯಾವ್ ಬರುತ್ತಾ, ಇಲ್ವಾ?”

“ಬೆಳಿಗ್ಗೆ ಇನ್ನೂ ಮುಗಿದಿಲ್ಲ ಅಂದ್ರೆ ಬರುತ್ತೆ. ಮಧ್ಯಾಹ್ನ ಆದ್ಮೇಲೆ ಬರಲ್ಲ.”

ತಲೆ ಎತ್ತಿ ಗಡಿಯಾರ ನೋಡಿದಳು. ಹನ್ನೊಂದೂವರೆ. “ಇನ್ನೂ ಅರ್ಧ ಗಂಟೆ ಇದೆ” ಅಂದವಳೇ ಮೂರನೇ ಸಾಲು ಬರೆಯಲು ಶುರು ಮಾಡಿದಳು.