ಸತ್ಯಾಂಶ: ರೈಲು ಸೇತುವೆ ಬಾಯಿ ಬಿಟ್ಟಿದೆಯೇ?

"ಬ್ರಿಟಿಷರ ಕಾಲದ ಸೇತುವೆ ಬಾಯಿ ಬಿಟ್ಟಿದೆ, ರೈಲು ಹತ್ತಬೇಡಿ!" ಎರಡು ಗರ್ಡರುಗಳ (ಕಂಬದಿಂದ ಕಂಬಕ್ಕೆ ಹಾಯಿಸಿದ ಉಕ್ಕಿನ ತೊಲೆಗಳ) ನಡುವಿನ ಸಂದಿಯ ಫೋಟೋದೊಂದಿಗೆ ಇಂಥ ಸಂದೇಶ ಕಾಸರಗೋಡಿನ ವಾಟ್ಸಾಪ್ ಗುಂಪುಗಳಿಗೆ ಆಗಾಗ ಬರುತ್ತದೆ.

ಆ ಸಂದಿ ಬಿರುಕಲ್ಲ, ಕಟ್ಟುವಾಗಲೇ ಬಿಟ್ಟ ಜಾಗ. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. 30 ಮೀಟರ್ ಗರ್ಡರು 30 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ ಸುಮಾರು 11 ಮಿಲಿಮೀಟರ್ ಉದ್ದವಾಗುತ್ತದೆ. ಜಾಗ ಬಿಡದಿದ್ದರೆ ಆ ಒತ್ತಡವೆಲ್ಲ ಕಂಬಕ್ಕೇ. ಅದಕ್ಕೇ ಗರ್ಡರಿನ ಒಂದು ತುದಿಯನ್ನು ಕಂಬದ ಮೇಲೆ ಬಿಗಿದು, ಇನ್ನೊಂದನ್ನು ರೋಲರ್ ಅಥವಾ ಜಾರುವ ತಟ್ಟೆಯ ಮೇಲೆ ಕೂರಿಸುತ್ತಾರೆ. ಏಪ್ರಿಲ್ ಮಧ್ಯಾಹ್ನ ಕಿರಿದಾದ ಸಂದಿ ಡಿಸೆಂಬರ್ ಬೆಳಗಿಗೆ ಅಗಲವಾಗುತ್ತದೆ.

ಕಾಸರಗೋಡಿನ ಈ ದಾರಿಯಲ್ಲಿ ರೈಲು ಮಂಗಳೂರು ಮುಟ್ಟಿದ್ದು 1907ರಲ್ಲಿ, ದಾರಿ ಹಳೆಯದೆಂಬುದು ನಿಜ. ಆದರೆ ಕಂಬ ಉಳಿಸಿಕೊಂಡು ಗರ್ಡರು ಮಾತ್ರ ಬದಲಿಸಲು ಬರುತ್ತದೆ. ಕಡಲಂಚಿನ ಉಕ್ಕಿಗೆ ನಿಜವಾದ ಶತ್ರು ಉಪ್ಪುಗಾಳಿಯ ತುಕ್ಕು. ಅದರ ಫೋಟೋ ಮಾತ್ರ ಯಾರೂ ಕಳಿಸುವುದಿಲ್ಲ.