ಗುಡುಗಿದರು, ಕಿಡಿ ಕಾರಿದರು, ವಿಷಾದಿಸಿದರು

ನಮ್ಮ ಪತ್ರಿಕೆಗಳ ತಲೆಬರಹಗಳಲ್ಲಿ ರಾಜಕಾರಣಿಗಳು ಮಾತನಾಡುವುದು ಬಹಳ ಅಪರೂಪ. ಅವರು ಗುಡುಗುತ್ತಾರೆ. ಕಿಡಿ ಕಾರುತ್ತಾರೆ. ಟಾಂಗ್ ಕೊಡುತ್ತಾರೆ, ಚಾಟಿ ಬೀಸುತ್ತಾರೆ, ತಿರುಗೇಟು ನೀಡುತ್ತಾರೆ. ತೀರಾ ಹದ್ದು ಮೀರಿದರೆ ನಾಲಿಗೆ ಹರಿಬಿಡುತ್ತಾರೆ. ಇಷ್ಟೆಲ್ಲ ಸದ್ದುಗದ್ದಲದ ನಡುವೆ ಅವರು ಹೇಳಿದ್ದಾದರೂ ಏನು ಎಂಬ ಸಣ್ಣ ವಿವರ ಒಳಪುಟದ ಕೊನೆಯ ಪ್ಯಾರಾದಲ್ಲಿ ಸಿಕ್ಕರೆ ಸಿಕ್ಕೀತು.

2019ರ ಜನವರಿಯಲ್ಲಿ ಅನಂತಕುಮಾರ ಹೆಗಡೆಯವರು ಕೊಡಗಿನ ಮಾದಾಪುರದಲ್ಲಿ, ಹಿಂದೂ ಹುಡುಗಿಯನ್ನು ಮುಟ್ಟಿದ ಕೈ ಇರಕೂಡದು ಎಂದರು. ಆಗ ಅವರು ಕೇಂದ್ರದ ಕೌಶಲ್ಯಾಭಿವೃದ್ಧಿ ಖಾತೆಯ ರಾಜ್ಯ ಸಚಿವರು. ಕೈಗಳಿಗೆ ಕಸುಬು ಕಲಿಸಬೇಕಾದ ಖಾತೆಯವರೇ ಕೈ ತೆಗೆಸುವ ಮಾತಾಡಿದಾಗ ಉಪಸಂಪಾದಕನ ಕೆಲಸ ಹಗುರವಾಗಬೇಕಿತ್ತು: ಸಚಿವರು ಹಿಂಸೆಗೆ ಕರೆ ಕೊಟ್ಟರು. ನಾಲ್ಕೇ ಪದ, ಎರಡು ಕಾಲಮ್ಮಿನಲ್ಲಿ ಆರಾಮಾಗಿ ಕೂರುತ್ತದೆ. ಓದುಗನ ಪಾಲಿಗೆ ಬಂದದ್ದು ಮಾತ್ರ ‘ವಿವಾದಾತ್ಮಕ ಹೇಳಿಕೆ’.

ಈ ವಿಶೇಷಣವನ್ನು ಮೊದಲು ಬಳಕೆಗೆ ತಂದ ಪುಣ್ಯಾತ್ಮರು ಯಾರೇ ಇರಲಿ, ಪತ್ರಿಕಾ ದಿನಾಚರಣೆಯಲ್ಲಿ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡಬೇಕು. ವಿವಾದ ಎಂದ ಮೇಲೆ ಎರಡು ಪಕ್ಷ ಇರಲೇಬೇಕಷ್ಟೆ. ಒಬ್ಬರು ಕೈ ಇರಕೂಡದು ಎಂದರು, ಇನ್ನೊಬ್ಬರು ಇರಲಿ ಬಿಡಿ ಎಂದರು; ಕಾವೇರಿ ನೀರಿನ ಹಾಗೆ ಇದೂ ಎರಡೂ ಕಡೆ ವಾದವಿರುವ ಸಂಗತಿಯಾಯಿತು. ಆಕ್ಷೇಪಿಸಿದವರು ಬಾಯಿ ಮುಚ್ಚಿಕೊಂಡಿದ್ದರೆ ವಿವಾದವೇ ಹುಟ್ಟುತ್ತಿರಲಿಲ್ಲವಾದ್ದರಿಂದ, ತಪ್ಪಿನಲ್ಲಿ ಅರ್ಧ ಪಾಲು ಅವರದೂ ಹೌದು.

2023ರ ಫೆಬ್ರವರಿಯಲ್ಲಿ ಸರದಿ ಉನ್ನತ ಶಿಕ್ಷಣ ಸಚಿವರದು. ಉರಿಗೌಡ, ನಂಜೇಗೌಡರು ಟಿಪ್ಪುವನ್ನು ಹೊಡೆದು ಹಾಕಿದಂತೆ ಸಿದ್ದರಾಮಯ್ಯನವರನ್ನೂ ಹೊಡೆದು ಹಾಕಬೇಕು ಎಂದು ಅಶ್ವತ್ಥನಾರಾಯಣ ಅವರು ಮಂಡ್ಯ ಜಿಲ್ಲೆಯಲ್ಲಿ ಕರೆ ಕೊಟ್ಟರು. ಗದ್ದಲವೆದ್ದ ಮೇಲೆ, ಚುನಾವಣೆಯಲ್ಲಿ ಸೋಲಿಸಬೇಕೆಂಬ ಅರ್ಥದಲ್ಲಿ ಹೇಳಿದ್ದು ಎಂದು ವಿವರಿಸಿ ವಿಷಾದಿಸಿದರು. ‘ಸಚಿವರ ಸ್ಪಷ್ಟನೆ’ ಎಂದು ಅದೂ ಅಚ್ಚಾಯಿತು. ಹಾಗಾದರೆ 1799ರಲ್ಲಿ ಶ್ರೀರಂಗಪಟ್ಟಣ ಕ್ಷೇತ್ರದಲ್ಲಿ ಟಿಪ್ಪು ಠೇವಣಿ ಕಳೆದುಕೊಂಡಿದ್ದನೇ ಸ್ವಾಮಿ ಎಂದು ಕೇಳುವ ಪ್ರಶ್ನೆಗೆ ಪತ್ರಿಕೆಗಳಲ್ಲಿ ಜಾಗ ಸಾಲಲಿಲ್ಲವೇನೋ.

ಇದು ಒಂದೇ ಪಕ್ಷಕ್ಕೆ ಮೀಸಲಾದ ಸೌಲಭ್ಯವೆಂದು ಯಾರೂ ಹೊಟ್ಟೆಕಿಚ್ಚು ಪಡಬೇಕಿಲ್ಲ. ಪೊಲೀಸರನ್ನು 15 ನಿಮಿಷ ಪಕ್ಕಕ್ಕೆ ಸರಿಸಿ ನೋಡಿ ಎಂದು 2012ರಲ್ಲಿ ಸವಾಲೆಸೆದ ಎಐಎಂಐಎಂ ಪಕ್ಷದ ಅಕ್ಬರುದ್ದೀನ್ ಒವೈಸಿಯವರದೂ, ಮೋದಿಯವರನ್ನು ತುಂಡು ತುಂಡು ಮಾಡುತ್ತೇನೆ ಎಂದ ಸಹಾರನ್‌ಪುರದ ಕಾಂಗ್ರೆಸ್ಸಿಗ ಇಮ್ರಾನ್ ಮಸೂದ್ ಅವರದೂ ‘ವಿವಾದಾತ್ಮಕ’ವೇ. ಎರಡನೆಯವರು ಈಗ ಸಂಸದರು.

ಬಿರುಸು ಮಾತು ಬರೆದರೆ ಕೋರ್ಟಿಗೆ ಅಲೆಯಬೇಕಾಗುತ್ತದೆ ಎಂದು ಸಂಪಾದಕರು ಹೇಳಬಹುದು. ಒಪ್ಪೋಣ. ಆದರೆ ದ್ವೇಷ ಭಾಷಣ ಕಂಡರೆ ದೂರಿಗೆ ಕಾಯದೆ ಪ್ರಕರಣ ದಾಖಲಿಸಿ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಮೂರು ರಾಜ್ಯಗಳಿಗೆ, 2023ರಲ್ಲಿ ಎಲ್ಲ ರಾಜ್ಯಗಳಿಗೆ ಹೇಳಿತು. ನ್ಯಾಯಮೂರ್ತಿಗಳೇ ಧಾರಾಳವಾಗಿ ಬಳಸುವ ಪದಕ್ಕೆ ಸುದ್ದಿಮನೆಯಲ್ಲಿ ಮಾತ್ರ ಮಡಿ.

ಈ ಮಡಿಯೂ ಎಲ್ಲರಿಗೂ ಒಂದೇ ಅಲ್ಲ. ನಾಯಕರ ಭಾಷಣದ ಎರಡು ಸಾಲನ್ನು ಎತ್ತಿ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿಕೊಂಡ ಪಂಕ್ಚರ್ ಅಂಗಡಿಯ ಹುಡುಗ ಮರುದಿನದ ಪತ್ರಿಕೆಯಲ್ಲಿ ‘ಕಿಡಿಗೇಡಿ’. ವೇದಿಕೆಯಲ್ಲಿ ಮೈಕ್ ಹಿಡಿದು ಅದನ್ನೇ ಹೇಳಿದವರು ‘ಫೈರ್ ಬ್ರ್ಯಾಂಡ್’. ಹುಡುಗನಿಗೆ ‘ಹೆಡೆಮುರಿ ಕಟ್ಟಿದ ಪೊಲೀಸರು’, ನಾಯಕರಿಗೆ ‘ಅಭಿಮಾನಿಗಳಿಂದ ಅದ್ಧೂರಿ ಸ್ವಾಗತ’. ಕಿಡಿ ಕಾರುವವರಿಗೂ ಕಿಡಿಗೇಡಿಗಳಿಗೂ ಇರುವ ಅಂತರ ಸುಮಾರು ಆರು ಅಡಿ ಎತ್ತರದ ವೇದಿಕೆಯಷ್ಟು.

ಮುಂದೆ ಊರಿನಲ್ಲಿ ಅಂಗಡಿ ಸುಟ್ಟರೆ ವ್ಯಾಕರಣವೇ ಬದಲಾಗುತ್ತದೆ. ಕರ್ತೃಪದ ರಾತ್ರೋರಾತ್ರಿ ಊರು ಬಿಡುತ್ತದೆ. ಬೆಂಕಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ, ಕಲ್ಲು ತೂರಾಟ ನಡೆಯುತ್ತದೆ, ಘರ್ಷಣೆ ಸಂಭವಿಸುತ್ತದೆ. ‘ಅಹಿತಕರ ಘಟನೆ ಮರುಕಳಿಸದಂತೆ’ ಬಂದೋಬಸ್ತ್ ಏರ್ಪಡುತ್ತದೆ. ಇರಿತಕ್ಕೊಳಗಾಗಿ ಜಿಲ್ಲಾಸ್ಪತ್ರೆಯಲ್ಲಿ ಮಲಗಿದವನಿಗೂ ಸ್ವಲ್ಪ ಅಹಿತವೆನಿಸಿರಬೇಕು, ಪಾಪ. ಟಿ.ವಿ.ಯವರು ಸಂಜೆ ಚರ್ಚೆ ಇಟ್ಟು, ಆ ಹಳೆಯ ಭಾಷಣದ ತುಣುಕನ್ನು ಎದೆ ನಡುಗಿಸುವ ಹಿನ್ನೆಲೆ ಸಂಗೀತದೊಂದಿಗೆ ಹತ್ತಾರು ಬಾರಿ ತೋರಿಸಿ, ಇಂಥ ಮಾತುಗಳು ಸಮಾಜಕ್ಕೆ ಮಾರಕವಲ್ಲವೇ ಎಂದು ಕಳವಳಪಡುತ್ತಾರೆ. ನಡುವೆ ವಿರಾಮ; ಗುಟ್ಕಾ ಕಂಪನಿಯ ಏಲಕ್ಕಿ ಜಾಹೀರಾತು.

ಸುದ್ದಿಮನೆಯವರು ಇಷ್ಟು ಕಷ್ಟಪಡಬೇಕಾಗಿಯೂ ಇಲ್ಲ. ಆಗ ಕೇಂದ್ರ ಸಚಿವರಾಗಿದ್ದ ಅನುರಾಗ್ ಠಾಕೂರ್ ಅವರ 2020ರ ‘ಗೋಲಿ ಮಾರೋ’ (ಗುಂಡು ಹೊಡೆಯಿರಿ) ಘೋಷಣೆಯ ಪ್ರಕರಣದ ವಿಚಾರಣೆ ವೇಳೆ, 2022ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್, ‘ನಗುತ್ತಾ ಹೇಳಿದ ಮಾತಿನಲ್ಲಿ ಅಪರಾಧವಿಲ್ಲ’ ಎಂದು ಮೌಖಿಕವಾಗಿ ಅಭಿಪ್ರಾಯಪಟ್ಟಿತ್ತು. ಅಲ್ಲಿಗೆ ಪದಗಳ ಗೊಡವೆಯೇ ತಪ್ಪಿತು. ರಾಜಕೀಯ ಸಮಾವೇಶದ ಸುದ್ದಿ ಕಳಿಸುವಾಗ ನಾಯಕರ ಹಲ್ಲು ಕಾಣುವ ಫೋಟೊವನ್ನೇ ಕಡ್ಡಾಯವಾಗಿ ಲಗತ್ತಿಸಬೇಕು ಎಂದು ಜಿಲ್ಲಾ ವರದಿಗಾರರಿಗೆ ಇವತ್ತೇ ಒಂದು ಮೇಲ್ ಹಾಕಿಬಿಡಬಹುದು.